ಮೊಬೈಲ್ ನಿಮ್ಮ ವಯಸ್ಸಿನ ಪುರಾವೆ ಕೇಳಿದಾಗ: ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು

‘ನನಗೆ 18 ವರ್ಷ ತುಂಬಿದೆ’ ಎಂಬ ಗುಂಡಿ ಒತ್ತಿ ಒಳಗೆ ಹೋಗುತ್ತಿದ್ದ ಕಾಲ ಮುಗಿಯುತ್ತಾ ಬಂದಿದೆ. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ಚಿತ್ರಗಳ ತಾಣಗಳು ಮಾತ್ರವಲ್ಲ, ಮಕ್ಕಳಿಗೆ ಹಾನಿಯಾಗಬಹುದಾದ ವಿಷಯ ಇರುವ ಸಾಮಾಜಿಕ ಜಾಲತಾಣಗಳೂ ಬಳಕೆದಾರರ ವಯಸ್ಸನ್ನು ಪರೀಕ್ಷಿಸುತ್ತಿವೆ. ಆಸ್ಟ್ರೇಲಿಯಾದಲ್ಲಿ ಅದೇ ವರ್ಷದ ಡಿಸೆಂಬರ್ 10ರಿಂದ 16 ತುಂಬದವರು ಇನ್‌ಸ್ಟಾಗ್ರಾಂ, ಯೂಟ್ಯೂಬ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಂಥ ತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಅಮೆರಿಕದಲ್ಲಿ ಅಶ್ಲೀಲ ತಾಣಗಳು ವಯಸ್ಸು ಪರಿಶೀಲಿಸಬೇಕೆಂದು ಲೂಸಿಯಾನ ರಾಜ್ಯ 2023ರ ಜನವರಿ 1ರಂದು ತುಳಿದ ದಾರಿಯನ್ನು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಹಿಡಿದಿವೆ. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. 18 ತುಂಬದ ಯಾರ ಮಾಹಿತಿಯನ್ನಾದರೂ ಬಳಸುವ ಮೊದಲು ತಂದೆ, ತಾಯಿ ಅಥವಾ ಪೋಷಕರಿಂದ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕು ಎಂದು ಅದರ 9ನೇ ಸೆಕ್ಷನ್ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ ಸಿದ್ಧತೆಗಾಗಿ ಕೊಟ್ಟ 18 ತಿಂಗಳ ಅವಧಿ 2027ರ ಮೇ ತಿಂಗಳಿಗೆ ಮುಗಿಯುತ್ತದೆ.

ಮಕ್ಕಳನ್ನು ಕಾಪಾಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಳಸುವವರಲ್ಲಿ ಮಗು ಯಾರು ಎಂದು ತಿಳಿಯಬೇಕಾದರೆ ಎಲ್ಲರನ್ನೂ ನಿಲ್ಲಿಸಿ ಕೇಳಲೇಬೇಕು. ಹಾಗಾಗಿ ಮಕ್ಕಳಿಗೆಂದು ಮಾಡಿದ ಕಾನೂನು ಎಪ್ಪತ್ತು ವರ್ಷದ ಅಜ್ಜಿಯ ಗುರುತಿನ ಚೀಟಿಯನ್ನೂ ಕೇಳುತ್ತದೆ. ಕೇಳಬೇಕಾದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರ ಸಾಕು. ಕೈ ಸೇರುವುದು ಮಾತ್ರ ಹೆಸರು, ವಿಳಾಸ, ಮುಖ, ಚೀಟಿಯ ಸಂಖ್ಯೆ. ಆ ಅಂತರವನ್ನು ನೀವು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ಉದ್ದೇಶ. ಊರಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಟ್ಟಿರುವ ಪೋಷಕರಿಗೂ ಲಂಡನ್, ಮೆಲ್ಬರ್ನ್, ಟೆಕ್ಸಸ್‌ಗಳಲ್ಲಿರುವ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲು, ಕೇಳುತ್ತಿರುವವರು ಯಾರು?

ವಯಸ್ಸಿನ ಕಾನೂನುಗಳು ಸುದ್ದಿಯಾದಲ್ಲೆಲ್ಲ ವಂಚಕರಿಗೆ ಹೊಸ ನೆಪ ಸಿಗುತ್ತದೆ. ‘24 ಗಂಟೆಯೊಳಗೆ ವಯಸ್ಸು ದೃಢಪಡಿಸದಿದ್ದರೆ ನಿಮ್ಮ ಖಾತೆ ರದ್ದಾಗುತ್ತದೆ’ ಎಂಬ ಸಂದೇಶ ಎಸ್‌ಎಂಎಸ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ. ನೇರವಾಗಿ ಆ ಆ್ಯಪ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ನಿಜವಾದ ಕೋರಿಕೆಯಾಗಿದ್ದರೆ ಅಲ್ಲಿಯೂ ಕಾಣಿಸುತ್ತದೆ. ವಯಸ್ಸು ನೋಡಲೆಂದು ಬ್ಯಾಂಕಿನ ಒಟಿಪಿಯನ್ನು ಯಾರಿಗೂ ಹೇಳಬೇಕಾಗಿಲ್ಲ, ಕಾರ್ಡಿನ ಪಿನ್ ಕೂಡ ಬೇಕಾಗುವುದಿಲ್ಲ. ಕೊಟ್ಟು ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೋರಿಕೆ ನಿಜವೇ ಆಗಿದ್ದರೂ ಇನ್ನೊಂದು ವಿಷಯ ನೋಡಬೇಕು. ನೀವು ಬಳಸುವ ತಾಣ ಸಾಮಾನ್ಯವಾಗಿ ತಾನೇ ವಯಸ್ಸು ಪರೀಕ್ಷಿಸುವುದಿಲ್ಲ, ಬೇರೆ ಕಂಪನಿಗೆ ವಹಿಸಿರುತ್ತದೆ. ಬ್ರಿಟನ್‌ನಲ್ಲಿ ಚರ್ಚಾ ತಾಣ ರೆಡಿಟ್ ಈ ಕೆಲಸವನ್ನು ಪರ್ಸೋನ ಎಂಬ ಕಂಪನಿಗೆ ಕೊಟ್ಟಿದೆ. ನಿಮ್ಮ ಮುಖ ಅಥವಾ ಚೀಟಿ ಹೋಗುವುದು ನೀವು ಹೆಸರೂ ಕೇಳಿರದ ಕಚೇರಿಗೆ. ಆ ಪರದೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಕಂಪನಿಯ ಹೆಸರನ್ನು ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಮುಂದೆ ಅಳಿಸಿ ಎಂದು ಕೇಳಬೇಕಾದಾಗ ಯಾರನ್ನು ಕೇಳಬೇಕು ಎಂಬುದು ಗೊತ್ತಿರುತ್ತದೆ.

ಬಿಟ್ಟುಬಿಡಲು ಸಾಧ್ಯವೇ?

ಇದು ಎಲ್ಲಕ್ಕಿಂತ ಸುಲಭದ ಹೆಜ್ಜೆ, ಜನ ಅತಿ ಹೆಚ್ಚು ಮರೆಯುವ ಹೆಜ್ಜೆಯೂ ಹೌದು. ವಯಸ್ಸು ಕೇಳುವುದು ಹಲವು ಕಡೆ ಇಡೀ ಸೇವೆಗಲ್ಲ, ಒಂದು ಭಾಗಕ್ಕೆ ಮಾತ್ರ. ರೋಬ್ಲಾಕ್ಸ್ ಆಟದಲ್ಲಿ 2026ರ ಜನವರಿಯಿಂದ ಚಾಟ್ ಮಾಡಲು ವಯಸ್ಸಿನ ಪರೀಕ್ಷೆ ಬೇಕು, ಆಡುವುದಕ್ಕೆ ಬೇಡ. ಬ್ರಿಟನ್‌ನಲ್ಲಿ ಬ್ಲೂಸ್ಕೈ ಎಂಬ ಸಾಮಾಜಿಕ ಜಾಲತಾಣ ಬಳಸುವವರು ವಯಸ್ಸು ತೋರಿಸದಿದ್ದರೆ ನೇರ ಸಂದೇಶದಂಥ ಕೆಲವು ಸೌಲಭ್ಯಗಳು ಮುಚ್ಚಿರುತ್ತವೆ, ಉಳಿದದ್ದು ನಡೆಯುತ್ತದೆ. ನಿಮಗೆ ಬೇಕಾದದ್ದು ಆ ಮುಚ್ಚಿದ ಭಾಗದಲ್ಲಿ ಇಲ್ಲದಿದ್ದರೆ ‘ಈಗ ಬೇಡ’ ಎಂದು ಒತ್ತಿ ಮುಂದೆ ಹೋಗಿ. ಕೊಡದೇ ಉಳಿದ ದಾಖಲೆ ಸೋರಿಕೆಯಾಗುವ ಪ್ರಶ್ನೆಯೇ ಬರುವುದಿಲ್ಲ.

ಕೊಡಲೇಬೇಕಾದರೆ, ಯಾವ ವಿಧಾನ?

ಸಾಮಾನ್ಯವಾಗಿ ಎರಡು ಮೂರು ಆಯ್ಕೆಗಳನ್ನು ಮುಂದಿಡುತ್ತಾರೆ. ಬ್ರಿಟನ್‌ನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಒಪ್ಪಿರುವ ಪಟ್ಟಿಯಲ್ಲಿ ಮುಖ ನೋಡಿ ವಯಸ್ಸು ಅಂದಾಜಿಸುವುದು, ಚೀಟಿಯ ಫೋಟೊವನ್ನು ಮುಖಕ್ಕೆ ಹೋಲಿಸುವುದು, ಕ್ರೆಡಿಟ್ ಕಾರ್ಡ್, ಬ್ಯಾಂಕ್ ಮೂಲಕ ದೃಢೀಕರಣ, ಮೊಬೈಲ್ ಕಂಪನಿಯ ದಾಖಲೆ, ಇಮೇಲ್ ವಿಳಾಸದ ಹಳೆಯ ಬಳಕೆಯಿಂದ ಲೆಕ್ಕ ಹಾಕುವುದು, ಡಿಜಿಟಲ್ ಗುರುತು ಇವೆ. ಆಸ್ಟ್ರೇಲಿಯಾದ ಕಾನೂನು ಸರ್ಕಾರಿ ಚೀಟಿಯೊಂದನ್ನೇ ದಾರಿಯಾಗಿ ಇಡಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಅಲ್ಲಿರುವ ಕನ್ನಡಿಗರು ‘ಪಾಸ್‌ಪೋರ್ಟ್ ಇಲ್ಲದೆ ಆಗುವುದಿಲ್ಲ’ ಎಂಬ ಮಾತನ್ನು ಒಪ್ಪಬೇಕಿಲ್ಲ, ಬೇರೆ ದಾರಿ ತೋರಿಸಿ ಎಂದು ಕೇಳಬಹುದು.

ಆಯ್ಕೆ ಸಿಕ್ಕಾಗ ನನ್ನ ಸಲಹೆಯ ಕ್ರಮ ಹೀಗಿದೆ. ನಿಮ್ಮ ವಯಸ್ಸನ್ನು ಈಗಾಗಲೇ ಬಲ್ಲ ಬ್ಯಾಂಕ್, ಮೊಬೈಲ್ ಕಂಪನಿಯಂಥವರು ‘18 ದಾಟಿದೆ’ ಎಂದಷ್ಟೇ ತಿಳಿಸುವ ವ್ಯವಸ್ಥೆ ಇದ್ದರೆ ಅದನ್ನು ಮೊದಲು ನೋಡಿ. ಅದಿಲ್ಲದಿದ್ದರೆ ಫೋನಿನೊಳಗೇ ಲೆಕ್ಕ ಹಾಕಿ ಚಿತ್ರವನ್ನು ಹೊರಗೆ ಕಳುಹಿಸದ ಮುಖದ ಅಂದಾಜು. ಚೀಟಿಯ ಫೋಟೊ ಕೊನೆಯ ದಾರಿಯಾಗಿರಲಿ.

ಚೀಟಿಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. 2025ರ ಅಕ್ಟೋಬರ್‌ನಲ್ಲಿ ಚಾಟ್ ಆ್ಯಪ್ ನಡೆಸುವ ಡಿಸ್ಕಾರ್ಡ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಅದರ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಸಂಸ್ಥೆಯ ಮೂಲಕ ಕನ್ನ ಹಾಕಿದವರಿಗೆ ಸುಮಾರು 70,000 ಜನರ ಸರ್ಕಾರಿ ಗುರುತಿನ ಚೀಟಿಗಳ ಫೋಟೊ ಸಿಕ್ಕಿರಬಹುದು ಎಂದು ಅದರಲ್ಲಿತ್ತು. ಆ ಚೀಟಿಗಳು ಬಂದದ್ದು ವಯಸ್ಸಿಗೆ ಸಂಬಂಧಿಸಿದ ಮೇಲ್ಮನವಿಗಳ ಜೊತೆ. ಯಂತ್ರ ‘ನೀನು ಚಿಕ್ಕವನು’ ಎಂದಿತು, ದೊಡ್ಡವರು ‘ಅಲ್ಲ, ನೋಡಿ’ ಎಂದು ದಾಖಲೆ ಕಳುಹಿಸಿದರು. ನಿಯಮಕ್ಕೆ ತಲೆಬಾಗಿದವರ ದಾಖಲೆಯೇ ಕಳ್ಳರ ಕೈ ಸೇರಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹುಟ್ಟಿದ ದಿನಾಂಕವನ್ನೂ ಮುಖವನ್ನೂ ಬದಲಿಸಲಾಗದು.

ಮುಖದ ಅಂದಾಜೂ ಪೂರ್ತಿ ನಂಬುವಂಥದ್ದಲ್ಲ. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ನಿಸ್ಟ್ 2024ರಲ್ಲಿ ಇಂಥ ತಂತ್ರಾಂಶಗಳನ್ನು ಪರೀಕ್ಷಿಸಿತು. ತಪ್ಪಿನ ಪ್ರಮಾಣ ಲಿಂಗ, ವಯಸ್ಸು, ಹುಟ್ಟಿದ ಪ್ರದೇಶಕ್ಕೆ ತಕ್ಕಂತೆ ಬದಲಾಗುವುದು ಕಂಡುಬಂತು. ಹೆಂಗಸರ ಮುಖಗಳಲ್ಲಿ ತಪ್ಪು ಹೆಚ್ಚೂಕಡಿಮೆ ಎಲ್ಲ ತಂತ್ರಾಂಶಗಳಲ್ಲೂ ಹೆಚ್ಚಿತ್ತು. ತಪ್ಪಾಗಬಹುದೆಂದು ಕೆಲವು ಕಂಪನಿಗಳು ಗೆರೆಯನ್ನು 18ಕ್ಕಿಂತ ಮೇಲೆ ಇಡುತ್ತವೆ. ಹಾಗಾದಾಗ ಇಪ್ಪತ್ತರ ಹುಡುಗಿಯೊಬ್ಬಳು ಮುಖ ತೋರಿಸಿ ಸೋತು ಚೀಟಿಯತ್ತ ಹೋಗಬೇಕಾಗುತ್ತದೆ. ಮುಖ ತೋರಿಸಿದರೆ ಸಾಕು ಎಂಬ ಮಾತು ಅವಳ ಪಾಲಿಗೆ ನಿಜವಾಗಲಿಲ್ಲ.

ಒಳ್ಳೆಯ ವಿಧಾನ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಮತ ಹಾಕಿದ ಮೇಲೆ ಬೆರಳಿಗೆ ಹಚ್ಚುವ ಶಾಯಿಯನ್ನು ನೆನೆಯಿರಿ, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಶಾಯಿ. ಇವರು ಮತ ಹಾಕಿದ್ದಾರೆ ಎಂಬುದನ್ನು ಬಿಟ್ಟು ಅದು ಬೇರೇನೂ ಹೇಳುವುದಿಲ್ಲ. ಹೆಸರನ್ನಾಗಲಿ, ಯಾರಿಗೆ ಮತ ಎಂಬುದನ್ನಾಗಲಿ ಬಿಟ್ಟುಕೊಡುವುದಿಲ್ಲ. ವಯಸ್ಸಿನ ಪುರಾವೆಯೂ ಹಾಗೆಯೇ ಇರಬಹುದು. ಚೀಟಿ ಕೊಡುವ ಕಚೇರಿಗೆ ನೀವು ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ತಿಳಿಯಬಾರದು, ತಾಣಕ್ಕೆ ನೀವು ಯಾರು ಎಂಬುದು ತಿಳಿಯಬಾರದು. ಫ್ರಾನ್ಸ್ ಇದನ್ನು ‘ಜೋಡಿ ಅನಾಮಧೇಯತೆ’ ಎನ್ನುತ್ತದೆ. ಐರೋಪ್ಯ ಒಕ್ಕೂಟ 2025ರ ಜುಲೈನಲ್ಲಿ ಹೌದು, ಇಲ್ಲ ಎಂದಷ್ಟೇ ಹೇಳುವ ಆ್ಯಪ್‌ನ ಮಾದರಿಯನ್ನು ಮುಂದಿಟ್ಟು ಡೆನ್ಮಾರ್ಕ್, ಫ್ರಾನ್ಸ್, ಗ್ರೀಸ್, ಇಟಲಿ, ಸ್ಪೇನ್‌ಗಳಲ್ಲಿ ಪ್ರಯೋಗಕ್ಕೆ ಕೊಟ್ಟಿತು. ನಮ್ಮ ನಿಯಮಗಳಲ್ಲೂ ಡಿಜಿಲಾಕರ್‌ನಂಥ ಸೇವೆಯಿಂದ ವರ್ಚುವಲ್ ಟೋಕನ್ (ಗುರುತು, ವಯಸ್ಸಿನ ವಿವರಕ್ಕೆ ಬದಲಾಗಿ ತೋರಿಸುವ ಡಿಜಿಟಲ್ ಸಂಕೇತ) ಪಡೆದು ಕೊಡುವ ದಾರಿ ಇದೆ. ಆ ಟೋಕನ್ ಎಷ್ಟು ಹೇಳುತ್ತದೆ, ಎಷ್ಟು ಮುಚ್ಚಿಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡಿಜಿಲಾಕರ್ ಮೂಲಕ ಒಪ್ಪಿಗೆ ಕೊಡುವಾಗ ಯಾವ ಯಾವ ದಾಖಲೆ ಹಂಚಲಾಗುತ್ತಿದೆ ಎಂಬ ಪಟ್ಟಿ ಪರದೆಯ ಮೇಲೆ ಬರುತ್ತದೆ. ಅದನ್ನು ಓದಿ. ವಯಸ್ಸಿಗೆ ಸಂಬಂಧವಿಲ್ಲದ ದಾಖಲೆಯ ಮುಂದಿರುವ ಗುರುತನ್ನು ತೆಗೆಯಿರಿ, ತೆಗೆಯಲು ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ.

ಆಧಾರ್ ಕೇಳಿದರೆ

ನಮ್ಮಲ್ಲಿ ಚೀಟಿ ಎಂದರೆ ಮೊದಲು ಕೈ ಹೋಗುವುದು ಆಧಾರ್‌ಗೆ. ಆದರೆ ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದು ಆಧಾರ್ ಕೊಡುವ ಪ್ರಾಧಿಕಾರವೇ 2023ರ ಕೊನೆಯಲ್ಲಿ ಸುತ್ತೋಲೆ ಹೊರಡಿಸಿದೆ. 2024ರ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ವಯಸ್ಸು ನಿರ್ಧರಿಸಲು ಆಧಾರ್ ಬದಲು ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಒಪ್ಪಿತು. ಇದರ ಹಿನ್ನೆಲೆ ನಮ್ಮ ಹಳ್ಳಿಗಳವರಿಗೆ ಚೆನ್ನಾಗಿ ಗೊತ್ತು. ಹಿರಿಯರಲ್ಲಿ ಎಷ್ಟು ಜನರ ಜನ್ಮದಿನ ಜೂನ್ 1 ಎಂದು ಎಣಿಸಿ ನೋಡಿ. ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನ ಮೇಲೆ ಬರೆದ ದಿನಾಂಕ ಅದು. ‘ವಯಸ್ಸಿಗಾಗಿ ಆಧಾರ್ ಕೊಡಿ’ ಎನ್ನುವವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಚಾಲನಾ ಪರವಾನಗಿ ಸಾಲದೇ ಎಂದು ಕೇಳಿ.

ಆಧಾರ್ ಕೊಡುವುದು ತಪ್ಪದಿದ್ದರೆ ಮರೆಮಾಚಿದ ಆಧಾರ್ ಕೊಡಿ. ಮೈ ಆಧಾರ್ ತಾಣದಲ್ಲಿ ಆಧಾರ್ ಸಂಖ್ಯೆ, ಒಟಿಪಿ ಹಾಕಿ ಒಳಗೆ ಹೋಗಿ ಆಧಾರ್ ಡೌನ್‌ಲೋಡ್ ಆರಿಸಿದರೆ ‘ಮಾಸ್ಕ್ಡ್ ಆಧಾರ್ ಬೇಕೇ?’ ಎಂಬ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿ. ಆಗ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆದರೆ ಮರೆಯಾಗುವುದು ಸಂಖ್ಯೆ ಮಾತ್ರ ಎಂಬುದು ನೆನಪಿರಲಿ. ಹೆಸರು, ವಿಳಾಸ, ಜನ್ಮದಿನಾಂಕ, ಫೋಟೊ ಹಾಗೆಯೇ ಇರುತ್ತವೆ, ಮೂಲೆಯ ಕ್ಯೂಆರ್ ಕೋಡ್‌ನಲ್ಲೂ ಅವೇ ಇರುತ್ತವೆ.

ಆ ಕಡತಕ್ಕಿರುವ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅಂದರೆ ನಿಮ್ಮ ಹೆಸರು, ವಯಸ್ಸು ಬಲ್ಲ ಯಾರು ಬೇಕಾದರೂ ಅದನ್ನು ತೆರೆಯಬಹುದು. ಇಲ್ಲೇ ನಮ್ಮ ಜೆರಾಕ್ಸ್ ಅಂಗಡಿಯ ಮಾತು ಬರುತ್ತದೆ. ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಹೋಗಿ ‘ಆಧಾರ್ ತೆಗೆದುಕೊಡಿ’ ಎನ್ನುತ್ತೇವೆ. ಅಂಗಡಿಯವರು ಡೌನ್‌ಲೋಡ್ ಮಾಡುತ್ತಾರೆ, ಅಥವಾ ನಾವೇ ಅವರ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳುಹಿಸುತ್ತೇವೆ. ಪ್ರಿಂಟ್ ತೆಗೆದುಕೊಂಡು, ಹತ್ತು ರೂಪಾಯಿ ಕೊಟ್ಟು ಹೊರಡುತ್ತೇವೆ. ಕಡತ ಅಲ್ಲಿಯೇ ಉಳಿಯುತ್ತದೆ. ಆ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಇಡೀ ಬಡಾವಣೆಯ ಜನ ಸಾಲಾಗಿ ನಿಂತಿರುತ್ತಾರೆ. ಅಂಗಡಿಯವರು ಕೆಟ್ಟವರೆಂದಲ್ಲ, ಅಳಿಸಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ಆದ್ದರಿಂದ ಹೊರಡುವ ಮೊದಲು ಎರಡು ನಿಮಿಷ ನಿಂತು, ಕಡತವನ್ನು ಡೌನ್‌ಲೋಡ್ಸ್‌ನಿಂದಲೂ ರಿಸೈಕಲ್ ಬಿನ್‌ನಿಂದಲೂ ಅಳಿಸಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದರೆ ‘ಎಲ್ಲರಿಗೂ ಅಳಿಸು’ ಒತ್ತಿ.

2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದೇ ಸಲಹೆ ಕೊಟ್ಟಿತ್ತು: ಆಧಾರ್ ನಕಲನ್ನು ಎಲ್ಲರಿಗೂ ಕೊಡಬೇಡಿ, ಮರೆಮಾಚಿದ್ದನ್ನು ಕೊಡಿ ಎಂದು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಸಲಹೆ ಮಾತ್ರ ಇವತ್ತಿಗೂ ಒಳ್ಳೆಯದೇ. ಮೈ ಆಧಾರ್ ತಾಣದಲ್ಲಿ ಬಯೊಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಹಾಕಬಹುದು, ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣಗೊಂಡಿದೆ ಎಂದೂ ನೋಡಬಹುದು. ವಯಸ್ಸಿನ ಪರೀಕ್ಷೆಗೆ ಆಧಾರ್ ಬಳಸಿದ ಕೆಲವು ವಾರಗಳ ನಂತರ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ.

ಮಗುವಿನ ಖಾತೆ

ಮಗುವಿಗೆ ಖಾತೆ ತೆರೆಯುವಾಗ ಹುಟ್ಟಿದ ವರ್ಷವನ್ನು ಸುಳ್ಳು ಬರೆಯಬೇಡಿ. ಹನ್ನೆರಡು ವರ್ಷದ ಹುಡುಗನಿಗೆ 1990 ಎಂದು ಬರೆದರೆ ಅವನು ಆ ತಾಣದ ಲೆಕ್ಕದಲ್ಲಿ ದೊಡ್ಡವನು. ಅಪರಿಚಿತರ ಸಂದೇಶವೂ ಬರುತ್ತದೆ, ದೊಡ್ಡವರ ಜಾಹೀರಾತೂ ಬರುತ್ತದೆ. ಇನ್‌ಸ್ಟಾಗ್ರಾಂ 2025ರ ಫೆಬ್ರುವರಿಯಲ್ಲಿ ಭಾರತಕ್ಕೆ ತಂದ ಹದಿಹರೆಯದವರ ಖಾತೆಗಳು ಮೊದಲಿಂದಲೇ ಖಾಸಗಿಯಾಗಿರುತ್ತವೆ. ಆ ರಕ್ಷಣೆ ಸಿಗುವುದು ನಿಜವಾದ ವರ್ಷ ಬರೆದರೆ ಮಾತ್ರ. ವರ್ಷ ಹೇಳುವುದು ಬೇರೆ, ದಾಖಲೆ ಕೊಡುವುದು ಬೇರೆ. ಮೊದಲನೆಯದನ್ನು ಸರಿಯಾಗಿ ಹೇಳಿ, ಎರಡನೆಯದನ್ನು ತಡೆಹಿಡಿಯಿರಿ. ಮಗುವಿನ ಆಧಾರ್ ಅಥವಾ ಶಾಲೆಯ ಗುರುತಿನ ಚೀಟಿಯನ್ನು ಯಾವ ಆಟದ ಆ್ಯಪ್‌ಗೂ ಕಳುಹಿಸಬೇಡಿ. ಒಪ್ಪಿಗೆ ಕೊಡುವ ಪೋಷಕರು ವಯಸ್ಕರು ಎಂಬುದನ್ನು ಪರಿಶೀಲಿಸಬೇಕು ಎಂದು ನಮ್ಮ ನಿಯಮ ಹೇಳುತ್ತದೆ. ಆ ತಾಣದಲ್ಲಿ ನಿಮ್ಮದೇ ಖಾತೆ ಇದ್ದು, ನಿಮ್ಮ ಗುರುತು, ವಯಸ್ಸು ಅವರ ಬಳಿ ಮೊದಲೇ ಇದ್ದರೆ ಅದನ್ನೇ ಬಳಸಲು ನಿಯಮದಲ್ಲಿ ಅವಕಾಶವಿದೆ. ಹೊಸ ಚೀಟಿ ಬೇಕಿಲ್ಲ.

ನಿಮಗೆ ನಿಜವಾಗಿ ಬೇಕಾಗಿರುವುದು ಮಗು ನೋಡುವುದರ ಮೇಲೆ ಹಿಡಿತ. ಅದು ಫೋನಿನೊಳಗೇ ಇದೆ. ಆ್ಯಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಹಾಕಿಕೊಂಡರೆ ಯಾವ ಆ್ಯಪ್ ಬೇಕು, ಎಷ್ಟು ಹೊತ್ತು ಬೇಕು ಎಂದು ನೀವೇ ನಿರ್ಧರಿಸಬಹುದು. ಅದಕ್ಕಾಗಿ ಮಗುವಿನ ಮುಖವನ್ನು ಹೊರಗಿನ ಕಂಪನಿಗೆ ಕೊಡಬೇಕಿಲ್ಲ. ಒಂದೇ ಫೋನನ್ನು ಮನೆಯವರೆಲ್ಲ ಬಳಸುವುದಾದರೆ, ಹಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ಸೌಲಭ್ಯವಿದೆ. ಮಗುವಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿ.

ಹದಿನೇಳು ತುಂಬಿದ ಹುಡುಗಿಯ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಅಮೆರಿಕದ ಮಕ್ಕಳ ಖಾಸಗಿತನದ ಕಾನೂನು ಪೋಷಕರ ಒಪ್ಪಿಗೆ ಕೇಳುವುದು 13ರೊಳಗಿನವರಿಗೆ, ಯುರೋಪಿನ ದೇಶಗಳಲ್ಲಿ ಆ ಗೆರೆ 13ರಿಂದ 16ರ ನಡುವೆ ಇದೆ. ನಮ್ಮಲ್ಲಿ ಅದು 18. ಪಿಯುಸಿ ಓದುವ ಹುಡುಗಿ ತನ್ನ ಆರೋಗ್ಯದ ಬಗ್ಗೆ, ಮನೆಯವರು ನಿಶ್ಚಯಿಸಿರುವ ಮದುವೆಯ ಬಗ್ಗೆ, ಮನೆಯೊಳಗಿನ ಹಿಂಸೆಯ ಬಗ್ಗೆ ಯಾರನ್ನಾದರೂ ಕೇಳಲು ಖಾತೆ ತೆರೆಯಬೇಕಾದರೆ, ಅದೇ ಮನೆಯವರ ಒಪ್ಪಿಗೆ ಬೇಕಾಗುತ್ತದೆ. ಅವಳ ಪಾಲಿಗೆ ಅದು ರಕ್ಷಣೆಯಲ್ಲ, ಬಾಯಿಗೆ ಹಾಕಿದ ಬೀಗ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಯಾರ ಒಪ್ಪಿಗೆಯೂ ಬೇಕಿಲ್ಲ ಎಂದು ನಿಮ್ಮ ಮನೆಯ, ಶಾಲೆಯ ಮಕ್ಕಳಿಗೆ ಇಂದೇ ಹೇಳಿ.

ವಿಪಿಎನ್ ಬಗ್ಗೆ

ನಿಮ್ಮ ಇಂಟರ್ನೆಟ್ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸಿ, ನೀವು ಬೇರೆ ದೇಶದಲ್ಲಿರುವಂತೆ ತೋರಿಸಬಲ್ಲ ಸೇವೆಯೇ ವಿಪಿಎನ್. ಬ್ರಿಟನ್‌ನಲ್ಲಿ ಕಾನೂನು ಜಾರಿಯಾದ ವಾರವೇ ವಿಪಿಎನ್ ಆ್ಯಪ್‌ಗಳು ಡೌನ್‌ಲೋಡ್ ಪಟ್ಟಿಯ ಮೇಲಕ್ಕೆ ಬಂದವು. ಪತ್ರಕರ್ತರಿಗೆ, ಕಚೇರಿ ಕೆಲಸಕ್ಕೆ ವಿಪಿಎನ್ ಬೇಕೇ ಬೇಕು. ಆದರೆ ಉಚಿತ ವಿಪಿಎನ್ ಹಾಕಿಕೊಂಡರೆ ನಿಮ್ಮ ಇಡೀ ಸಂಚಾರ ಒಬ್ಬ ಅಪರಿಚಿತನ ಕೈಯಲ್ಲಿ ಇರುತ್ತದೆ. ವಯಸ್ಸು ಮುಚ್ಚಿಡಲು ಹೋಗಿ ಎಲ್ಲವನ್ನೂ ತೆರೆದಿಟ್ಟಂತೆ. ಭಾರತದಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಅದನ್ನು ಒಪ್ಪದ ಹಲವು ಹೆಸರಾಂತ ಕಂಪನಿಗಳು ಇಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಮಕ್ಕಳ ಫೋನಿನಲ್ಲಿ ನಿಮಗೆ ಗೊತ್ತಿಲ್ಲದ ವಿಪಿಎನ್ ಇದ್ದರೆ ಕೂಡಲೇ ತೆಗೆಯಿರಿ.

ಏನು ಕಾಣದಂತಾಗಿದೆ ಎಂದು ಗಮನಿಸಿ

ಖಾಸಗಿತನದ ನಷ್ಟ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಯಾರೋ ಏನನ್ನೋ ಕೇಳುತ್ತಾರೆ. ಸೆನ್ಸಾರ್ ಹಾಗಲ್ಲ. ಪುಟ ಬರುವುದಿಲ್ಲ, ಅಷ್ಟೇ. ದಂಡದ ಮೊತ್ತ ನೋಡಿದರೆ ಕಾರಣ ಅರ್ಥವಾಗುತ್ತದೆ: ಬ್ರಿಟನ್‌ನಲ್ಲಿ 1.8 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ ಶೇ 10, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ, ಆಸ್ಟ್ರೇಲಿಯಾದಲ್ಲಿ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ; ನಮ್ಮಲ್ಲಿ ಮಕ್ಕಳ ವಿಷಯದ ಹೊಣೆ ಮರೆತರೆ ₹200 ಕೋಟಿವರೆಗೆ. ಇಷ್ಟು ದೊಡ್ಡ ಭಯ ಮುಂದಿರುವಾಗ ಕಂಪನಿಯೊಂದು ಪ್ರತಿ ಬರಹವನ್ನೂ ಕೂತು ಅಳೆಯುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ಬೀಗದ ಹಿಂದೆ ಹಾಕುತ್ತದೆ. ಬ್ರಿಟನ್‌ನಲ್ಲಿ ಮೊದಲ ವಾರಗಳಲ್ಲಿ ಆದದ್ದು ಅದೇ. ಗಾಜಾ, ಉಕ್ರೇನ್ ಯುದ್ಧಗಳ ಕುರಿತ ಪೋಸ್ಟ್‌ಗಳು ವಯಸ್ಸಿನ ಗೋಡೆಯ ಹಿಂದೆ ಹೋದವು. ರೆಡಿಟ್‌ನಲ್ಲಿ ಸಿಗರೇಟು ಬಿಡಲು ಒದ್ದಾಡುವವರ ಗುಂಪು, ಮುಟ್ಟಿನ ತೊಂದರೆಗಳ ಗುಂಪು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುಂಪು ಕೂಡ ಗೋಡೆಯ ಹಿಂದೆ ಸೇರಿದವು. ಸಿಬ್ಬಂದಿ ಕಡಿಮೆ ಇರುವ ಸಂಸ್ಥೆಗಳಿಗೆ ಗೋಡೆ ಕಟ್ಟುವ ಶಕ್ತಿಯೂ ಇರುವುದಿಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯ ಎಲ್ಲ ಬಳಕೆದಾರರ ವಯಸ್ಸನ್ನೂ ಪರಿಶೀಲಿಸಬೇಕು ಎಂದಾಗ ಬ್ಲೂಸ್ಕೈ 2025ರ ಆಗಸ್ಟ್‌ನಲ್ಲಿ ಆ ಇಡೀ ರಾಜ್ಯಕ್ಕೆ ಸೇವೆ ನಿಲ್ಲಿಸಿತು.

ವಿಕಿಪೀಡಿಯವನ್ನು ನಡೆಸುವ ಸಂಸ್ಥೆ ಬ್ರಿಟನ್ ಹೈಕೋರ್ಟ್‌ಗೆ ಹೋದದ್ದೂ ಇದೇ ಆತಂಕದಿಂದ. ತನ್ನ ಸಂಪಾದಕರ ಗುರುತು ಪರಿಶೀಲಿಸುವ ಹೊಣೆ ಮೈಮೇಲೆ ಬಂದೀತು ಎಂಬುದು ಅದರ ವಾದವಾಗಿತ್ತು. 2025ರ ಆಗಸ್ಟ್‌ನಲ್ಲಿ ಅರ್ಜಿ ವಜಾ ಆಯಿತು. ಕನ್ನಡ ವಿಕಿಪೀಡಿಯದಲ್ಲಿ ಗುಪ್ತನಾಮದಲ್ಲಿ ಬರೆಯುವ ಸ್ವಯಂಸೇವಕರು ಇದನ್ನು ದೂರದ ಸುದ್ದಿ ಎಂದು ತಳ್ಳಿಹಾಕುವಂತಿಲ್ಲ. ಜಾತಿ, ಧರ್ಮ, ಸ್ಥಳೀಯ ರಾಜಕಾರಣದ ಪುಟಗಳನ್ನು ಹೆಸರು ಮುಚ್ಚಿಟ್ಟು ತಿದ್ದುವವರು ಹೆಸರು ಬಹಿರಂಗವಾದ ದಿನ ಬರೆಯುವುದನ್ನು ನಿಲ್ಲಿಸುತ್ತಾರೆ.

ನಿಮಗೆ ಇಂಥ ಗೋಡೆ ಎದುರಾದರೆ ಆ ಪುಟದ ವಿಳಾಸ, ದಿನಾಂಕ, ಪರದೆಯ ಮೇಲಿನ ವಾಕ್ಯವನ್ನು ಹಾಗೆಯೇ ಉಳಿಸಿಕೊಳ್ಳಿ. ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುವುದಕ್ಕೂ ‘ವಯಸ್ಸು ದೃಢಪಡಿಸಿ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರ ಹಿಂದೆ ಸರ್ಕಾರದ ಆದೇಶ ಇರಬಹುದು, ಎರಡನೆಯದು ಹೆಚ್ಚಾಗಿ ಕಂಪನಿಯ ಲೆಕ್ಕಾಚಾರ. ಆರೋಗ್ಯ, ಸುದ್ದಿ, ಕಾನೂನು ನೆರವಿನ ಪುಟವಾಗಿದ್ದರೆ ಅದನ್ನು ತಪ್ಪಾಗಿ ಮುಚ್ಚಲಾಗಿದೆ ಎಂದು ತಾಣಕ್ಕೆ ಬರೆಯಿರಿ. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ನಂಥ ಸಂಸ್ಥೆಗಳಿಗೂ ತಿಳಿಸಬಹುದು.

ಕೊಟ್ಟ ಮೇಲೆ

ಪರೀಕ್ಷೆ ಮುಗಿದ ದಿನವೇ ಒಂದು ಇಮೇಲ್ ಕಳುಹಿಸಿ. ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷ್ ರೂಪ ಸೇರಿಸಿದರೆ ಉತ್ತರ ಬೇಗ ಬರುತ್ತದೆ. ಇಷ್ಟು ಸಾಕು:

‘ಇಂಥ ದಿನಾಂಕದಂದು ನನ್ನ ವಯಸ್ಸಿನ ಪುರಾವೆಯಾಗಿ ಇಂಥ ದಾಖಲೆ ಕೊಟ್ಟಿದ್ದೇನೆ. ಪರಿಶೀಲನೆ ಮುಗಿದಿದೆ. ಆ ದಾಖಲೆ, ನನ್ನ ಮುಖದ ಚಿತ್ರ ಹಾಗೂ ಅವುಗಳಿಂದ ತೆಗೆದ ಮಾಹಿತಿಯನ್ನು ನೀವೂ ನಿಮ್ಮ ಪರವಾಗಿ ಪರಿಶೀಲಿಸಿದ ಸಂಸ್ಥೆಯೂ ಅಳಿಸಿ, ಅಳಿಸಿದ ದಿನಾಂಕವನ್ನು ಲಿಖಿತವಾಗಿ ತಿಳಿಸಿ. ಏನನ್ನಾದರೂ ಉಳಿಸಿಕೊಳ್ಳುವುದಾದರೆ ಯಾವ ಕಾನೂನಿನ ಯಾವ ವಿಧಿಯ ಅಡಿಯಲ್ಲಿ, ಎಷ್ಟು ಕಾಲ ಎಂದು ತಿಳಿಸಿ.’

ಕೊನೆಯ ವಾಕ್ಯ ಬಿಡಬೇಡಿ. ನಮ್ಮ 2025ರ ನಿಯಮಗಳೇ ಕೆಲವು ಮಾಹಿತಿ ಮತ್ತು ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕು ಎನ್ನುತ್ತವೆ. ‘ಅಳಿಸಿದ್ದೇವೆ’ ಎಂಬ ಒಂದು ಪದದ ಉತ್ತರ ಅದನ್ನು ಮುಚ್ಚಿಡಬಹುದು. ಆಸ್ಟ್ರೇಲಿಯಾದಲ್ಲಿರುವವರು, ವಯಸ್ಸಿಗಾಗಿ ಪಡೆದ ಮಾಹಿತಿಯನ್ನು ಬಳಕೆಯ ನಂತರ ನಾಶಪಡಿಸಲೇಬೇಕು ಎಂಬ ಅಲ್ಲಿನ ಕಾನೂನಿನ ಮಾತನ್ನು ಇಮೇಲ್‌ನಲ್ಲಿ ಎತ್ತಿ ಹೇಳಿ.

ಭಾರತದಲ್ಲಿ ದೊಡ್ಡ ತಾಣಗಳಿಗೆಲ್ಲ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು, ವಿಳಾಸ ತಾಣದಲ್ಲಿ ಇರಬೇಕು. ದೂರು ತಲುಪಿದೆ ಎಂಬ ಸ್ವೀಕೃತಿ 24 ಗಂಟೆಯೊಳಗೆ ಬರಬೇಕು. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ವಕೀಲರು ಬೇಕಿಲ್ಲ.

ಮುಂದಿನ ಕರಡು ಬಂದಾಗ

ವಯಸ್ಸಿನ ಮಿತಿಯ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟ್ ಪೀಠ, ಶಾಲಾ ಮಕ್ಕಳು ಸಾಮಾಜಿಕ ಜಾಲತಾಣಕ್ಕೆ ಅಂಟಿಕೊಂಡಿರುವುದನ್ನು ಕಂಡು ವಯಸ್ಸಿನ ಮಿತಿ ತರುವುದು ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತ್ತು. ನ್ಯಾಯಮೂರ್ತಿಗಳ ಕಳಕಳಿ ಪ್ರತಿ ಮನೆಯ ಕಳಕಳಿಯೂ ಹೌದು. ಆದರೆ ಮಿತಿ ಹಾಕಿದ ಮರುಕ್ಷಣವೇ ಅದನ್ನು ಪರಿಶೀಲಿಸುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ, ಕೇಳಬೇಕಾದ ಪ್ರಶ್ನೆಗಳೆಲ್ಲ ಅಲ್ಲಿವೆ.

ಆ ಪ್ರಶ್ನೆಗಳನ್ನು ಕೇಳಲು ಬೇಕಾದ ಅಳತೆಗೋಲನ್ನು ತಂದುಕೊಟ್ಟ ಅರ್ಜಿ ಬೆಂಗಳೂರಿನ ಒಬ್ಬ ಹಿರಿಯರದ್ದು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ 2012ರಲ್ಲಿ ಹಾಕಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಹಕ್ಕಿಗೆ ಕೈ ಹಾಕುವ ಕ್ರಮಕ್ಕೆ ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಕಸಿದುಕೊಳ್ಳಬಾರದು. ವಯಸ್ಸಿನ ಕಾನೂನುಗಳು ಮೊದಲ ಎರಡನ್ನು ಸುಲಭವಾಗಿ ದಾಟುತ್ತವೆ, ಸಾಮಾನ್ಯವಾಗಿ ಎಡವುವುದು ಮೂರನೆಯದರಲ್ಲಿ.

ಹಾಗಾಗಿ ಯಾವುದೇ ಕರಡು ಬಂದರೂ ಮೂರನೆಯದನ್ನೇ ಹಿಡಿದು ಕೇಳಿ. ಹೌದು, ಇಲ್ಲ ಎಂಬ ಉತ್ತರ ಸಾಕಾಗುವಲ್ಲಿ ಪೂರ್ತಿ ಗುರುತು ಕೇಳುವುದನ್ನು ಯಾವ ಸೆಕ್ಷನ್ ತಡೆಯುತ್ತದೆ? ಪರಿಶೀಲಿಸಿದ ಮೇಲೆ ದಾಖಲೆ ಅಳಿಸಲು ಎಷ್ಟು ದಿನದ ಗಡುವು? ಆರೋಗ್ಯ, ಸುದ್ದಿ, ಸಹಾಯವಾಣಿಗಳ ಪುಟಗಳಿಗೆ ವಿನಾಯಿತಿ ಎಲ್ಲಿದೆ? ಸ್ಮಾರ್ಟ್‌ಫೋನ್ ಅಥವಾ ಚೀಟಿ ಇಲ್ಲದವರಿಗೆ ದಾರಿ ಯಾವುದು? 2025ರ ಜನವರಿ 3ರಂದು ದತ್ತಾಂಶ ನಿಯಮಗಳ ಕರಡು ಬಂದಾಗ ಅಭಿಪ್ರಾಯ ಸಲ್ಲಿಸಲು ಮೊದಲು ಫೆಬ್ರುವರಿ 18ರವರೆಗೆ, ನಂತರ ಮಾರ್ಚ್ 5ರವರೆಗೆ ಮಾತ್ರ ಸಮಯ ಕೊಟ್ಟಿದ್ದರು. ಈ ಪ್ರಶ್ನೆಗಳನ್ನು ಈಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ಕರಡು ಬಂದ ದಿನ ಅದರ ಸೆಕ್ಷನ್ ಸಂಖ್ಯೆಗಳನ್ನು ತುಂಬಿ ಕಳುಹಿಸಬಹುದು.